ಪರಸ್ಪರ ಸೇವೆಯೇ ಹರಿಸೇವೆ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಶ್ರಾವಣ ಮಾಸವು ಸಮೀಪಿಸಿದಾಗಲೆಲ್ಲ ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ ಸಂಭ್ರಮವು ತಾನಾಗಿಯೇ ತುಂಬಿಕೊಳ್ಳುತ್ತದೆ. ಬಹುಳ ಪಾಡ್ಯ, ಬಿದಿಗೆ, ತದಿಗೆಗಳಂದು ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳು ನಡೆಯತಕ್ಕವು. 1671ನೆಯ ಇಸವಿಯಲ್ಲಿ ತುಂಗಭದ್ರಾ ತೀರದ ಮಂತ್ರಾಲಯದಲ್ಲಿ ಸಶರೀರರಾಗಿ ವೃಂದಾವನವನ್ನು ಪ್ರವೇಶಿಸಿದ ಆ ಮಹಾನುಭಾವರನ್ನು ನೆನೆಯಲು ನಮ್ಮಲ್ಲಿ ಕೆಲವರು ನೆರೆಯ ಹೊನ್ನಾಳಿಯ ಮಠಕ್ಕೆ ಹೋಗುತ್ತಾರೆ. ಉಳಿದವರು ಚನ್ನಗಿರಿಯಲ್ಲಿಯೇ ಯಥಾಶಕ್ತಿ ಸೇವೆ ಸಲ್ಲಿಸುತ್ತೇವೆ. ಅದಕ್ಕಾಗಿ ಒಂದು ಸೇವಾಪಟ್ಟಿಯು ಸಿದ್ಧವಾಗುತ್ತದೆ. ಪಂಚಾಮೃತಾಭಿಷೇಕ ಒಬ್ಬರದು, ಪುಷ್ಪಾಲಂಕಾರ ಮತ್ತೊಬ್ಬರದು. ಅಡಿಗೆಗೆ ನಿಲ್ಲುವವರು ಯಾರು, ಬಡಿಸುವವರು ಯಾರು, ಎಲೆ ತೆಗೆಯುವವರು ಯಾರು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ.

ಈ ಪಟ್ಟಿಯನ್ನು ಬರೆಯುವ ಕೆಲಸವು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಈ ಸಲ ಬರೆಯಲು ಕುಳಿತಾಗ ‘ಹೂಬತ್ತಿ’ ಎಂಬ ಶಬ್ದದ ಮುಂದೆ ಲೇಖನಿಯು ನಿಂತುಹೋಯಿತು. ಏಕೆ ನಿಂತಿತೆಂಬುದನ್ನು ತಮ್ಮೆಲ್ಲರ ಮುಂದೆ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

ನಮ್ಮ ದೇವಸ್ಥಾನಕ್ಕೆ ಬಹುಕಾಲ ಹೂಬತ್ತಿಯನ್ನು ಹೊಸೆದು ಕೊಡುತ್ತಿದ್ದ ವೃದ್ಧ ಮಾತೆಯೊಬ್ಬರಿದ್ದರು. ಯಜಮಾನರು ಕಾಲವಾಗಿ ಬಹಳ ದಿನಗಳಾಗಿದ್ದವು. ಮಗನು ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದನು. ಪ್ರತಿದಿನವೂ ಪ್ರಾತಃಕಾಲ ನಿರ್ಮಾಲ್ಯ ತೆಗೆಯುವ ಹೊತ್ತಿಗೆ ಬಾಳೆಯೆಲೆಯ ತುಂಡಿನಲ್ಲಿ ಬತ್ತಿಗಳನ್ನು ಸುತ್ತಿ ತಂದು ಗರ್ಭಗುಡಿಯ ಹೊಸ್ತಿಲ ಬಳಿ ಇಟ್ಟು, ಪ್ರದಕ್ಷಿಣೆ ಮಾಡಿ, ಯಾರೊಡನೆಯೂ ಹೆಚ್ಚು ಮಾತನಾಡದೆ ಹೊರಟುಹೋಗುತ್ತಿದ್ದರು. ಬೀದಿಯವರಿಗೆಲ್ಲ ಅವರು ‘ಬತ್ತಿಯಜ್ಜಿ’.

ಕೆಲವು ವರ್ಷಗಳ ಹಿಂದೆ ಒಂದು ದಶಮಿಯ ದಿನ ಅಜ್ಜಿ ಬರಲಿಲ್ಲ. ನಾನು ಅಂಗಡಿಯಿಂದ ಒಂದು ಪೊಟ್ಟಣ ಬತ್ತಿಯನ್ನು ತರಿಸಿ ದೀಪ ಹಚ್ಚಿದೆ. ಪೂಜೆ ಮುಗಿಸಿ ಹೊರಗೆ ಬಂದ ತಂದೆಯವರು, “ಬತ್ತಿಯಜ್ಜಿ ಬರಲಿಲ್ಲವೇನೋ?” ಎಂದು ಕೇಳಿದರು. “ಬತ್ತಿ ತರಿಸಿದ್ದೇನೆ, ಅವರು ನಾಳೆ ಬರುತ್ತಾರೆ ಬಿಡಿ” ಎಂದೆ. ಮರುದಿನ ಏಕಾದಶಿ. ಉಪವಾಸದ ಆಯಾಸಕ್ಕೆ ಮನೆಯಲ್ಲಿಯೇ ಇದ್ದಾರೆಂದು ಭಾವಿಸಿದೆವು. ದ್ವಾದಶಿಯ ಬೆಳಗ್ಗೆ ಪಾರಣೆಯ ಪಂಕ್ತಿಯಲ್ಲಿ ಅವರು ಕುಳಿತುಕೊಳ್ಳುತ್ತಿದ್ದ ಸ್ಥಳವು ಬರಿದಾಗಿತ್ತು. ಅದನ್ನು ದಾಟಿ ಮುಂದಿನವರಿಗೆ ಬಡಿಸಿದೆವು. ಎಲೆ ತೆಗೆಯುವ ಹೊತ್ತಿಗೆ ಹೂ ಮಾರುವ ತಾಯಿಯೊಬ್ಬರು ಬಾಗಿಲ ಹೊರಗೆ ನಿಂತು, “ಸ್ವಾಮೀ, ಅಜ್ಜಮ್ಮಾರು ಊರಾಗಿಲ್ಲೇನು? ಮೂರು ದಿನಾತು, ಬಾಗ್ಲಾನೇ ತೆಗ್ದಿಲ್ಲ” ಎಂದು ಕೇಳಿದರು.

ಬಾಗಿಲನ್ನು ಒಡೆದು ಒಳಗೆ ಹೋದಾಗ ಅಜ್ಜಿಯು ಬಚ್ಚಲಿನಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಮೇಲೇಳಲಾರದೆ ಮಲಗಿದ್ದರು. ಕೈಗೆಟುಕುವ ದೂರದಲ್ಲಿ ತಂಬಿಗೆಯ ನೀರು ಇದ್ದುದರಿಂದ ಜೀವವು ಉಳಿದಿತ್ತು. ನಾಲ್ಕು ಜನ ಸೇರಿ ಎತ್ತುವಾಗ ಅವರು ಆಡಿದ ಮೊದಲ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಮೂರು ದಿನ ದೇವರ ಬತ್ತಿಗೆ ಏನು ಮಾಡಿದಿರಪ್ಪಾ?”

ಸಜ್ಜನರೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಉತ್ತರವಿದ್ದುದೇ ನನ್ನ ಅಪರಾಧವಾಗಿತ್ತು. ಮೂರು ದಿನವೂ ದೀಪ ಆರಲಿಲ್ಲ, ಸರದಿ ತಪ್ಪಲಿಲ್ಲ, ಪೂಜಾಕ್ರಮದಲ್ಲಿ ಯಾವ ಲೋಪವೂ ಆಗಲಿಲ್ಲ. ಬತ್ತಿಯ ಕೊರತೆಯನ್ನು ನಾವು ಕಂಡೆವು, ಬತ್ತಿಯನ್ನು ಹೊಸೆಯುವ ಕೈಯ ಕೊರತೆಯನ್ನು ಕಾಣಲಿಲ್ಲ. ನಮ್ಮ ಪಂಕ್ತಿಗೂ ಸೇರದ, ನಮ್ಮ ಸೇವಾಪಟ್ಟಿಯಲ್ಲಿ ಎಂದೂ ಹೆಸರಿಲ್ಲದ ಒಬ್ಬ ತಾಯಿಯು ಕಂಡರು.

ಇದು ನನ್ನೊಬ್ಬನ ಅಲಕ್ಷ್ಯವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಇದರ ಮೂಲದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆಯೆಂದೂ, ಅದನ್ನು ನಮ್ಮ ಸಿದ್ಧಾಂತವೇ ತಿದ್ದಬಲ್ಲದೆಂದೂ ನನಗೆ ತೋರುತ್ತದೆ.

ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ವೆಂಬ ಪುಟ್ಟ ಗ್ರಂಥದ ಆರಂಭದಲ್ಲಿಯೇ ತತ್ತ್ವವನ್ನು ಎರಡಾಗಿ ವಿಂಗಡಿಸುತ್ತಾರೆ: ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರನು ಶ್ರೀಮನ್ನಾರಾಯಣನೊಬ್ಬನೇ. ಉಳಿದ ಸಕಲ ಚೇತನಾಚೇತನಗಳೂ ಅವನ ಅಧೀನ. ಇದನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ, ಪಾಠಶಾಲೆಯಲ್ಲಿ ಒಪ್ಪಿಸಿದ್ದೇವೆ. ಆದರೆ ಮನೆಗೆ ಬಂದೊಡನೆ ‘ನಾನು ಯಾರ ಹಂಗಿನಲ್ಲಿಯೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಂಗಿಲ್ಲದವನು ಶ್ರೀಹರಿಯೊಬ್ಬನೇ ಆಗಿರುವಾಗ ಆ ಮಾತನ್ನು ನಾವು ಆಡುವುದು ಹೇಗೆ? ಉಂಡ ಅನ್ನ ರೈತನದು, ಉಟ್ಟ ಬಟ್ಟೆ ನೇಯುವವನದು, ಕಲಿತ ಅಕ್ಷರ ಗುರುವಿನದು. ಇವರೆಲ್ಲರೊಳಗೆ ನಿಂತು ಕೊಡಿಸುವವನು ಅಂತರ್ಯಾಮಿ. ಅಧೀನತೆಯು ಜೀವನ ಸ್ವಭಾವ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಬಿದ್ದವರು ಕೂಗಲು ಸಂಕೋಚಪಡುವುದೂ, ನಿಂತವರು ವಿಚಾರಿಸಲು ಮರೆಯುವುದೂ ‘ನಾನೇ ಸ್ವತಂತ್ರ’ನೆಂಬ ಒಂದೇ ಭ್ರಾಂತಿಯ ಎರಡು ಮುಖಗಳು.

ಇನ್ನೊಂದು ಸಂಗತಿ. ಜೀವಜೀವರಲ್ಲಿ ಭೇದವನ್ನೂ ತಾರತಮ್ಯವನ್ನೂ ಹೇಳುವ ಸಿದ್ಧಾಂತ ನಮ್ಮದು. ಭೇದವನ್ನು ಹೇಳಿದೊಡನೆ ಕೂಡಿ ಬಾಳುವುದಕ್ಕೆ ಅವಕಾಶವಿಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ವಿಚಾರ ಮಾಡಿ ನೋಡಿದರೆ ವಿಷಯವು ವಿಪರೀತವಾಗಿದೆ. ಎಲ್ಲರೂ ಒಂದೇ ಆಗಿದ್ದರೆ ಒಬ್ಬರಿಂದ ಒಬ್ಬರಿಗೆ ಆಗಬೇಕಾದದ್ದೇನು? ಒಬ್ಬನಲ್ಲಿರುವ ಯೋಗ್ಯತೆ ಮತ್ತೊಬ್ಬನಲ್ಲಿ ಇಲ್ಲದಿರುವುದರಿಂದಲೇ ಒಬ್ಬರ ಕೈಯನ್ನು ಒಬ್ಬರು ಹಿಡಿಯಬೇಕಾಗಿದೆ. ವಾಯುದೇವರ ಮೂರು ಅವತಾರಗಳ ಚರಿತ್ರೆಯಲ್ಲಿ ಈ ಅರ್ಥವು ಸ್ಪಷ್ಟವಾಗಿ ತೋರಿಬರುತ್ತದೆ.

ಮೊದಲನೆಯದು ಹನುಮದವತಾರ. ಸಮುದ್ರಕ್ಕೆ ಸೇತುವೆ ಬೇಕಾಗಿದ್ದುದು ಯಾರಿಗೆ? ಹನುಮಂತದೇವರಿಗಂತೂ ಅಲ್ಲ, ಅವರು ಒಮ್ಮೆ ಹಾರಿ ಹೋಗಿ ಬಂದವರು. ಹಾರಲಾರದ ಅಸಂಖ್ಯಾತ ಕಪಿಗಳಿಗಾಗಿ ಸೇತುವೆಯು ಬೇಕಾಗಿತ್ತು. ಸೇತುವೆ ಸಿದ್ಧವಾದಾಗ ಹನುಮಂತದೇವರು ಒಬ್ಬರೇ ಮುಂದಾಗಿ ಹಾರಿ ಆ ದಡದಲ್ಲಿ ಕಾಯುತ್ತ ಕುಳಿತುಕೊಳ್ಳಲಿಲ್ಲ. ಶ್ರೀರಾಮಚಂದ್ರನನ್ನು ಹೆಗಲ ಮೇಲೆ ಹೊತ್ತು ಎಲ್ಲರೊಡನೆ ಸಾಗಿದರು. ಶಕ್ತಿಯುಳ್ಳವನು ನಡೆದುಕೊಳ್ಳತಕ್ಕ ರೀತಿಯಿದು.

ಆ ಸೇತುಬಂಧದ ವೃತ್ತಾಂತದಲ್ಲಿ ವಾಲ್ಮೀಕಿ ಮಹರ್ಷಿಗಳು ಒಂದು ಲೆಕ್ಕವನ್ನು ಕೊಟ್ಟಿದ್ದಾರೆ. ಮೊದಲನೆಯ ದಿನ 14 ಯೋಜನ, ಎರಡನೆಯ ದಿನ 20, ಮೂರನೆಯ ದಿನ 21, ನಾಲ್ಕನೆಯ ದಿನ 22, ಐದನೆಯ ದಿನ 23. ಒಟ್ಟು 100 ಯೋಜನ. ಲೋಕದಲ್ಲಿ ಕೆಲಸವು ಮೊದಲ ದಿನ ಹೆಚ್ಚಾಗಿ ನಡೆದು ದಿನ ಕಳೆದಂತೆ ಕುಗ್ಗುವುದೇ ರೂಢಿ. ಇಲ್ಲಿ ದಿನದಿನಕ್ಕೆ ಏರಿದೆ. ಕೂಡಿ ಮಾಡುವ ಕೆಲಸದಲ್ಲಿ ಕೈಗೆ ಕೈ ಹೊಂದಿಕೊಂಡಂತೆಲ್ಲ ಬಲವು ಹೆಚ್ಚುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇದೂ ಅಲ್ಲದೆ, ಸೇತುವೆ ಕಟ್ಟಬಲ್ಲ ನಳನು ಅಷ್ಟು ಹೊತ್ತೂ ಆ ಸೇನೆಯಲ್ಲಿಯೇ ಇದ್ದನು. ಅವನ ವಿದ್ಯೆಯನ್ನು ಸಮುದ್ರರಾಜನು ಹೇಳಿದ ಮೇಲೆ ರಾಮನಿಗೆ ತಿಳಿಯಿತು. ಯಾರೂ ಕೇಳದೆ ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ಯುಕ್ತವಲ್ಲವೆಂದು ತಾನು ಸುಮ್ಮನಿದ್ದುದಾಗಿ ನಳನು ನಿವೇದಿಸುತ್ತಾನೆ. ನಮ್ಮ ಬೀದಿಗಳಲ್ಲಿಯೂ ಎಷ್ಟು ಮಂದಿ ನಳರು ಸುಮ್ಮನೆ ಕುಳಿತಿದ್ದಾರೋ! ಕೇಳುವವರಿಲ್ಲದೆ ವಿದ್ಯೆಯೂ ಹೊರಗೆ ಬರುವುದಿಲ್ಲ, ಕಷ್ಟವೂ ಹೊರಗೆ ಬರುವುದಿಲ್ಲ.

ಎರಡನೆಯದು ಭೀಮಸೇನದೇವರ ಅವತಾರ. ಪಾಂಡವರು ಏಕಚಕ್ರನಗರದಲ್ಲಿ ಒಬ್ಬ ಬ್ರಾಹ್ಮಣನ ಮನೆಯಲ್ಲಿ ವಾಸವಾಗಿದ್ದ ಕಾಲ. ಆ ಊರಿನ ಹೊರಗೆ ಬಕಾಸುರನಿದ್ದನು. ಊರಿನವರು ಸರದಿಯಂತೆ, ಮನೆಗೊಬ್ಬರಂತೆ, ಗಾಡಿಯ ಅನ್ನವನ್ನೂ ಎರಡು ಕೋಣಗಳನ್ನೂ ಒಬ್ಬ ಮನುಷ್ಯನನ್ನೂ ಅವನಿಗೆ ಕಳುಹಿಸಬೇಕಾಗಿತ್ತು. ಗಮನಿಸಬೇಕು: ಆ ಊರಿನಲ್ಲಿ ವ್ಯವಸ್ಥೆಯಿತ್ತು, ಪಟ್ಟಿಯಿತ್ತು, ಸರದಿಯೂ ತಪ್ಪುತ್ತಿರಲಿಲ್ಲ. ಆದರೆ ಸರದಿ ಬಂದ ಮನೆಯ ಗೋಳನ್ನು ಪಕ್ಕದ ಮನೆಯವರು ಕೇಳಿಯೂ ಕೇಳದಂತಿದ್ದರು. ತಮ್ಮ ಸರದಿ ಇಂದಲ್ಲವೆಂಬುದೇ ಅವರ ಸಮಾಧಾನವಾಗಿತ್ತು. ಅವರು ಹಂಚಿಕೊಂಡದ್ದು ಭಯವನ್ನು ಮಾತ್ರ.

ಆ ದಿನ ಮನೆಯಲ್ಲಿದ್ದವರು ಕುಂತೀದೇವಿ ಮತ್ತು ಭೀಮಸೇನ. ಒಳಮನೆಯಿಂದ ಅಳುವಿನ ಧ್ವನಿ ಕೇಳಿತು. ಕುಂತೀದೇವಿಯು ಎದ್ದು ಒಳಗೆ ಹೋದಳು. ತಂದೆಯು ತಾನು ಹೋಗುವೆನೆನ್ನುತ್ತಿದ್ದಾನೆ, ತಾಯಿಯು ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ಇನ್ನೂ ತೊದಲು ನುಡಿಯುವ ಮಗುವು ಒಂದು ಹುಲ್ಲುಕಡ್ಡಿಯನ್ನು ಹಿಡಿದು ರಾಕ್ಷಸನನ್ನು ಕೊಲ್ಲುವೆನೆನ್ನುತ್ತದೆ. ಕುಂತೀದೇವಿಯು ಕಾರಣವನ್ನು ವಿಚಾರಿಸಿ, ಆಶ್ರಯ ಕೊಟ್ಟವರ ಋಣವನ್ನು ನೆನೆದು, ತನ್ನ ಮಗನನ್ನು ಕಳುಹಿಸಿದಳು. ಮುಂದಿನದು ಎಲ್ಲರಿಗೂ ತಿಳಿದದ್ದೇ. ಬಕನನ್ನು ಕೊಂದದ್ದು ಭೀಮನ ಬಾಹುಬಲ, ನಿಜ. ಆದರೆ ಆ ಬಲವು ಕೆಲಸಕ್ಕೆ ಬಂದದ್ದು, ತಾಯಿಯೊಬ್ಬಳು ಪಕ್ಕದ ಕೋಣೆಯ ಅಳುವನ್ನು ಕೇಳಿ ಎದ್ದು ಹೋದುದರಿಂದ. ನಮ್ಮ ಊರಿನಲ್ಲಿ ಆ ದ್ವಾದಶಿಯಂದು ಹಾಗೆ ಎದ್ದು ಬಂದವರು ಹೂ ಮಾರುವ ಆ ತಾಯಿ. ಏಕಚಕ್ರದವರಂತೆ ಸರದಿಯನ್ನು ನಂಬಿ ಕುಳಿತಿದ್ದವರು ನಾವು.

ಮೂರನೆಯದು ಶ್ರೀಮದಾಚಾರ್ಯರ ಅವತಾರ. ನಾರಾಯಣ ಪಂಡಿತಾಚಾರ್ಯರು ‘ಸುಮಧ್ವವಿಜಯ’ದಲ್ಲಿ ಒಂದು ಪ್ರಸಂಗವನ್ನು ವರ್ಣಿಸಿದ್ದಾರೆ. ಆಚಾರ್ಯರು ಉತ್ತರದ ಯಾತ್ರೆಯಲ್ಲಿದ್ದಾಗ ಈಶ್ವರದೇವನೆಂಬ ಅರಸನು ಕೆರೆಯೊಂದನ್ನು ತೋಡಿಸುತ್ತಿದ್ದನು. ದಾರಿಹೋಕರನ್ನೆಲ್ಲ ಬಲಾತ್ಕಾರದಿಂದ ಹಿಡಿದು ಅಗೆಸುವುದು ಅವನ ಕ್ರಮ. ಆಚಾರ್ಯರಿಗೂ ಅಗೆಯುವಂತೆ ಆಜ್ಞೆ ಮಾಡಿದನು. ಹೇಗೆ ಅಗೆಯಬೇಕೆಂಬುದನ್ನು ನೀನೇ ತೋರಿಸಿಕೊಡು ಎಂದು ಆಚಾರ್ಯರು ಹೇಳಿದರು. ತೋರಿಸಲು ಹೋದ ಅರಸನು ಅಗೆಯುವುದನ್ನು ನಿಲ್ಲಿಸಲಾರದೆ ಅಗೆಯುತ್ತಲೇ ಹೋದನು. ಕೇಳಿದವರಿಗೆ ನಗು ಬರುವ ಪ್ರಸಂಗವಾದರೂ ಇದರ ತಾತ್ಪರ್ಯ ದೊಡ್ಡದು. ಕೆರೆ ಕಟ್ಟಿಸುವುದು ಪುಣ್ಯಕಾರ್ಯ. ಆದರೆ ತಾನು ದಡದಲ್ಲಿ ನಿಂತು ಇತರರ ಬೆನ್ನಿನಿಂದ ಮಾಡಿಸಿದರೆ ಅದು ಸಹಕಾರವಾಗುವುದಿಲ್ಲ. ಪಟ್ಟಿ ಬರೆಯುವವನೂ ಗುದ್ದಲಿ ಹಿಡಿಯಬೇಕು. ಈ ಮಾತು ಎಲ್ಲರಿಗಿಂತ ಮೊದಲು ನನಗೆ ಅನ್ವಯಿಸುತ್ತದೆ.

ಕೆರೆಯ ಮಾತು ಬಂದಾಗ ಚನ್ನಗಿರಿಯವರಾದ ನಾವು ನಮ್ಮ ಸೂಳೆಕೆರೆಯನ್ನು ನೆನೆಯದಿರುವುದು ಸಾಧ್ಯವಿಲ್ಲ. ಶಾಂತಿಸಾಗರವೆಂದೂ ಹೆಸರುಳ್ಳ ಈ ಮಹಾತಟಾಕವು ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡವಾಗಿ ಕಟ್ಟಿದ ಏರಿಯಿಂದ ನಿಂತಿದೆ. ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಅದು ಹಿಡಿದು ನಿಲ್ಲಿಸಿದ ನೀರೋ, ದಡದಲ್ಲಿ ನಿಂತವನ ಕಣ್ಣಿಗೆ ಸಮುದ್ರದಂತೆ ತೋರುತ್ತದೆ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿಂದ ಹೊರಟ ನೀರು ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಹರಿಯುತ್ತದೆ. ಚಿತ್ರದುರ್ಗದ ಮನೆಗಳಿಗೂ ಈ ಕೆರೆಯಿಂದ ಕುಡಿಯುವ ನೀರು ಹೋಗುತ್ತಿದೆ.

ಈ ಕೆರೆಯ ಹೆಸರನ್ನು ಉಚ್ಚರಿಸಲು ನಮ್ಮಲ್ಲಿ ಕೆಲವರು ಸಂಕೋಚಪಡುವುದುಂಟು. ಐತಿಹ್ಯವನ್ನು ಕೇಳಿದರೆ ಆ ಸಂಕೋಚವು ಹೋಗುತ್ತದೆ. ರಾಜಪುತ್ರಿಯಾದ ಶಾಂತವ್ವೆಯು ಕೆರೆಯನ್ನು ಕಟ್ಟಿಸಲು ಸಂಕಲ್ಪಿಸಿದಾಗ ಬೇಕಾದ ಭೂಮಿಯು ಗಣಿಕೆಯರ ಸ್ವಾಧೀನದಲ್ಲಿತ್ತಂತೆ. ಅವರು ಭೂಮಿಯನ್ನು ಬಿಟ್ಟುಕೊಟ್ಟರು. ಕೆರೆಗೆ ತಮ್ಮ ಹೆಸರಿರಬೇಕೆಂಬುದೊಂದನ್ನೇ ಕೇಳಿದರು. ಶಾಂತವ್ವೆಯು ಒಪ್ಪಿದಳು. ಲೋಕವು ಅಂಚಿನಲ್ಲಿಟ್ಟಿದ್ದವರು ಭೂಮಿಯನ್ನು ಕೊಟ್ಟರು. ಅರಮನೆಯವಳು ಹೆಸರನ್ನು ಕೊಟ್ಟಳು. ಶತಮಾನಗಳು ಕಳೆದರೂ ಊರ ಜನರ ಬಾಯಲ್ಲಿ ಆ ಹೆಸರೇ ಉಳಿದಿದೆ. ಒಂದು ಸಮುದಾಯದ ಹಿತವು ಆ ಸಮುದಾಯದವರಿಂದಲೇ ಆಗುತ್ತದೆಂದು ತಿಳಿಯಬಾರದು. ಅಜ್ಜಿಯ ಜೀವವನ್ನು ಉಳಿಸಿದವರು ಯಾರೆಂಬುದನ್ನು ನಾವು ಮರೆಯುವಂತಿಲ್ಲ. ಆ ತಾಯಿಯ ಮನೆಯಲ್ಲಿ ಕಷ್ಟ ಬಂದಾಗ ನಾವು ಎದ್ದು ಹೋಗದಿದ್ದರೆ ನಮ್ಮ ಪಾರಣೆಯೂ ಸಫಲವಾಗಲಾರದು.

ಕೆರೆಯನ್ನು ಕಟ್ಟುವುದು ಒಮ್ಮೆ, ಕಾಪಾಡುವುದು ಪ್ರತಿವರ್ಷ. ಹೂಳು ತುಂಬಿದರೆ ನೀರು ನಿಲ್ಲದು. ಏರಿಯಲ್ಲಿ ಇಲಿಬಿಲದಷ್ಟು ರಂಧ್ರವನ್ನು ಅಲಕ್ಷಿಸಿದರೆ ಅದೇ ಮಳೆಗಾಲದಲ್ಲಿ ಕಂಡಿಯಾಗುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಪ್ರತಿ ಊರಿನ ಕೆರೆಗೂ ನೀರುಗಂಟಿಯನ್ನು ನೇಮಿಸಿ, ಬೇಸಗೆಯಲ್ಲಿ ಹೂಳನ್ನು ತೆಗೆದು ಹೊಲಗಳಿಗೆ ಹಾಕಿಕೊಳ್ಳುತ್ತಿದ್ದರು. ಬೇಸಾಯದಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯಿತ್ತು: ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಅಡಿಕೆಯ ತೋಟದಲ್ಲಿ ಇಂದಿಗೂ ಮರದ ಮೇಲೆ ಕೊನೆ ಕೊಯ್ಯುವವನು ಕೆಳಗೆ ನಿಂತವನನ್ನು ನಂಬಿಯೇ ಮೇಲಿರುತ್ತಾನೆ. ಆ ಅಡಿಕೆಗೆ ತಕ್ಕ ಬೆಲೆ ದೊರಕಲೆಂದು ಬೆಳೆಗಾರರೇ ಕೂಡಿ ಕಟ್ಟಿಕೊಂಡ ‘ತುಮ್ಕೋಸ್’ ಸಹಕಾರ ಸಂಘವು ನಮ್ಮೂರಿನಲ್ಲಿಯೇ ಇದೆ. ಹೊಲ, ತೋಟ, ವ್ಯಾಪಾರಗಳಲ್ಲಿ ಕೂಡಿ ನಡೆಯುವುದನ್ನು ಬಲ್ಲ ನಮಗೆ, ಮನೆಯ ಮುಚ್ಚಿದ ಬಾಗಿಲನ್ನು ತಟ್ಟುವುದು ಮಾತ್ರ ಏಕೆ ಕಷ್ಟವಾಯಿತು?

ಇಲ್ಲಿ ಒಂದು ಸಂದೇಹ ಬರಬಹುದು. ಪೂಜೆ, ಜಪ, ಪಾರಾಯಣಗಳೇ ಭಗವಂತನ ಸೇವೆ. ನೆರೆಯವರನ್ನು ವಿಚಾರಿಸುವುದು ಲೌಕಿಕವಲ್ಲವೇ ಎಂದು. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ದೇವತೆಗಳೂ ಮನುಷ್ಯರೂ ಒಬ್ಬರನ್ನೊಬ್ಬರು ಪೋಷಿಸಿಕೊಂಡು ಶ್ರೇಯಸ್ಸನ್ನು ಪಡೆಯಬೇಕೆಂದು ಹೇಳಿ, ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂದು ಎಚ್ಚರಿಸಿದ್ದಾನೆ. ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ಜನರ ಶುಶ್ರೂಷೆಯನ್ನು ಪ್ರಭುವಿಗೆ ಸಲ್ಲತಕ್ಕ ಕರಕ್ಕೆ, ಎಂದರೆ ಕಂದಾಯಕ್ಕೆ, ಹೋಲಿಸಿದ್ದಾರೆ. ಕಂದಾಯ ಕಟ್ಟಿದವನು ದಾನ ಮಾಡಿದೆನೆಂದು ಬೀಗುವಂತಿಲ್ಲ, ಕಟ್ಟದವನು ಬಾಕಿದಾರನಾಗುತ್ತಾನೆ. ಆ ಮೂರು ದಿನಗಳ ಬಾಕಿಯು ನನ್ನ ಲೆಕ್ಕದಲ್ಲಿ ಇನ್ನೂ ಇದೆ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೂ ನಮ್ಮ ಪರಂಪರೆಯಲ್ಲಿಯೇ ಮೇಲ್ಪಂಕ್ತಿಯಿದೆ. ಉಡುಪಿಯ ಅಷ್ಟಮಠಗಳು ಶ್ರೀಕೃಷ್ಣನ ಪೂಜೆಯನ್ನು ಪರ್ಯಾಯ ಕ್ರಮದಿಂದ ನಡೆಸುತ್ತಿರುವುದೂ, ಎರಡು ತಿಂಗಳ ಪರ್ಯಾಯವನ್ನು ಶ್ರೀ ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದುದೂ ಎಲ್ಲರಿಗೂ ತಿಳಿದ ವಿಷಯ. ಅದರ ಜೊತೆಯಲ್ಲಿ ದ್ವಂದ್ವಮಠಗಳೆಂಬ ಏರ್ಪಾಡು ಇದೆ: ಪಲಿಮಾರು-ಅದಮಾರು, ಕೃಷ್ಣಾಪುರ-ಪುತ್ತಿಗೆ, ಶಿರೂರು-ಸೋದೆ, ಕಾಣಿಯೂರು-ಪೇಜಾವರ. ಒಂದು ಮಠಕ್ಕೆ ಯತಿಗಳಿಲ್ಲದ ಕಾಲ ಬಂದರೆ ಜೋಡಿಯ ಮಠವು ಅದರ ಹೊಣೆಯನ್ನು ಹೊರುತ್ತದೆ. 2018ರಲ್ಲಿ ಶಿರೂರು ಮಠದ ಶ್ರೀಗಳು ಹರಿಪಾದವನ್ನು ಸೇರಿದಾಗ ಸೋದೆ ಮಠದ ಶ್ರೀಗಳು ಆ ಹೊಣೆಯನ್ನು ಹೊತ್ತು, 2021ರಲ್ಲಿ ಉತ್ತರಾಧಿಕಾರಿಗಳಿಗೆ ಆಶ್ರಮವನ್ನು ಕೊಟ್ಟು ಮಠವನ್ನು ಒಪ್ಪಿಸಿದರು. ಪರ್ಯಾಯವೆಂದರೆ ಸರದಿ, ದ್ವಂದ್ವವೆಂದರೆ ಕಾವಲು. ಸರದಿಯು ಕೆಲಸವನ್ನು ನಡೆಸುತ್ತದೆ. ಕಾವಲು ಕೆಲಸ ಮಾಡುವವರನ್ನು ಉಳಿಸುತ್ತದೆ. ನಮ್ಮಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಆದ್ದರಿಂದ ಈ ವರ್ಷದ ಪಟ್ಟಿಯಲ್ಲಿ ‘ಸೇವೆ’ ಎಂಬ ಅಂಕಣದ ಪಕ್ಕದಲ್ಲಿ ‘ಜೋಡಿ ಮನೆ’ ಎಂಬ ಇನ್ನೊಂದು ಅಂಕಣವನ್ನು ಎಳೆದಿದ್ದೇನೆ. ಪ್ರತಿ ಮನೆಯವರೂ ಮತ್ತೊಂದು ಮನೆಯ ಹೆಸರನ್ನು ಅಲ್ಲಿ ಬರೆಯಿಸಬೇಕೆಂದು ಪ್ರಾರ್ಥನೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ ಹಿರಿಯರಷ್ಟೇ ಉಳಿದಿರುವ ಮನೆಗಳು ಮೊದಲು ಬರಲಿ. ಹೆಚ್ಚಿನ ಕೆಲಸವೇನೂ ಇಲ್ಲ: ದಿನಕ್ಕೊಮ್ಮೆ ಬಾಗಿಲು ತೆರೆದಿದೆಯೇ ಎಂದು ನೋಡುವುದು, ತೆರೆಯದಿದ್ದರೆ ತಟ್ಟುವುದು. ನೋಡಿಸಿಕೊಳ್ಳುವವರೂ ಸಂಕೋಚಪಡಬಾರದು, ಸ್ವತಂತ್ರನು ಒಬ್ಬನೇ ಎಂಬುದನ್ನು ನೆನೆದುಕೊಳ್ಳಬೇಕು.

ಬತ್ತಿಯಜ್ಜಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಅವರು ಮತ್ತೆ ನಡೆಯಲಿಲ್ಲ; ಆದರೆ ವರ್ಷದ ಮೇಲೆ ಬದುಕಿದ್ದರು. ಅಡಿಗೆಯನ್ನು ಮನೆಮನೆಯವರು ಕಳುಹಿಸಿದರು. ಹೂವಿನ ತಾಯಿಯು ಸಾಯಂಕಾಲಗಳಲ್ಲಿ ಬಂದು ಕುಳಿತುಕೊಳ್ಳುತ್ತಿದ್ದರು. ‘ಇನ್ನು ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ನಾವು ಹೇಳಿದಾಗ ಅಜ್ಜಿಯ ಮುಖವು ಬಾಡಿತು. ಆಗ ತಂದೆಯವರು ಒಂದು ಬುಟ್ಟಿ ಹತ್ತಿಯನ್ನು ಅವರ ಮಂಚದ ಮೇಲಿಟ್ಟು ಬಂದರು. ಅಂದಿನಿಂದ ಕೊನೆಯವರೆಗೂ ಅಜ್ಜಿ ಕುಳಿತಲ್ಲಿಯೇ ಬತ್ತಿಯನ್ನು ಹೊಸೆದರು. ಬೀದಿಯ ಮಕ್ಕಳು ದಿನಕ್ಕೊಬ್ಬರಂತೆ ಹೋಗಿ ಅದನ್ನು ತಂದರು. ತರಲು ಹೋದ ಮಕ್ಕಳು ಹೊಸೆಯುವುದನ್ನೂ ಕಲಿತರು. ಕೊಡುವುದಷ್ಟೇ ಆರೈಕೆಯಲ್ಲ, ಬಲಹೀನರ ಕೈಯ ಸೇವೆಯನ್ನು ಗೌರವದಿಂದ ಸ್ವೀಕರಿಸುವುದೂ ಆರೈಕೆಯೇ ಎಂಬುದನ್ನು ತಂದೆಯವರು ಒಂದು ಮಾತನ್ನೂ ಆಡದೆ ನನಗೆ ಕಲಿಸಿದರು.

ಈ ಸಲದ ಪಟ್ಟಿಯಲ್ಲಿ ಹೂಬತ್ತಿಯ ಮುಂದೆ ಆ ಮಕ್ಕಳಲ್ಲಿ ಮೂವರ ಹೆಸರನ್ನು ಬರೆದಿದ್ದೇನೆ. ಜೋಡಿ ಮನೆಯ ಅಂಕಣವು ಇನ್ನೂ ಖಾಲಿಯಿದೆ. ಆರಾಧನೆಗೆ ಮುಂಚೆ ಅದನ್ನು ತುಂಬಿಕೊಡುವ ಬುದ್ಧಿಯನ್ನು ಶ್ರೀ ಗುರುರಾಜರು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸಿ, ಈ ಅಲ್ಪ ವಾಕ್ಸೇವೆಯನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯ ಪಾದಗಳಿಗೆ ಸಮರ್ಪಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥